ಸುಳ್ಳು ಕುಸ್ತಿಯ ಗರಡಿಯಲ್ಲಿ ಹುಟ್ಟಿದ ನಿಜವಾದ ಕಾಳಗ

"ಅದೆಲ್ಲಾ ಫೇಕ್ ಗುರು!"

ಹಾಸ್ಟೆಲ್ಲಿನ ಟಿವಿ ರೂಮಿನಲ್ಲಿ ಡಬ್ಲ್ಯೂಡಬ್ಲ್ಯೂಇ ಹಾಕಿದರೆ ಐದು ನಿಮಿಷದೊಳಗೆ ಈ ಮಾತು ಬಂದೇ ಬರುತ್ತೆ. ಚಿಕ್ಕವರಿದ್ದಾಗ ಅಂಡರ್‌ಟೇಕರ್ ಕಾರ್ಡಿಗಾಗಿ ಜಗಳ ಆಡಿದವರೇ ಈಗ ಹೀಗೆ ಹೇಳೋದು. ಅದೇ ಯುಎಫ್‌ಸಿ ಹಾಕಿದರೆ ಎಲ್ಲರೂ ಗಪ್‌ಚುಪ್. ಇದು ನಿಜ, ಅದು ನಾಟಕ, ಎರಡಕ್ಕೂ ಸಂಬಂಧವೇ ಇಲ್ಲ ಅನ್ನೋದು ನಮ್ಮೆಲ್ಲರ ನಂಬಿಕೆ.

ಆದರೆ ಜಪಾನಿನ ಇತಿಹಾಸ ತೆಗೆದು ನೋಡಿದರೆ ವಿಷಯ ಬೇರೆಯೇ ಇದೆ. ಇವತ್ತು ನಾವು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ, ಎಂದು ಕರೆಯುವ ಆಟದ ಒಂದು ದೊಡ್ಡ ಬೇರು ಇರುವುದು ಅದೇ "ಫೇಕ್" ಕುಸ್ತಿಯಲ್ಲಿ. ಆ ಬೇರು ಹೇಗೆ ಬೆಳೆಯಿತು, ಅದಕ್ಕೆ ಯಾರು ಏನು ಬೆಲೆ ಕೊಟ್ಟರು ಅನ್ನೋದೇ ಈ ಲೇಖನ.

ಮೊದಲು ಎರಡು ಪದ ತಿಳಿದುಕೊಳ್ಳೋಣ. ಯಾರು ಗೆಲ್ಲಬೇಕು ಎಂದು ಮೊದಲೇ ಮಾತಾಡಿಕೊಂಡು ಆಡುವ ಪಂದ್ಯಕ್ಕೆ ಕುಸ್ತಿಯವರ ಭಾಷೆಯಲ್ಲಿ "ವರ್ಕ್" ಎನ್ನುತ್ತಾರೆ. ಮಾತಾಡಿಕೊಳ್ಳದೆ ನಿಜವಾಗಿಯೇ ಸೆಣಸಿದರೆ ಅದು "ಶೂಟ್". ಮುಂದಿನ ಕತೆಯೆಲ್ಲಾ ಈ ಎರಡು ಪದಗಳ ನಡುವಿನ ಗೆರೆಯ ಮೇಲೆಯೇ ನಡೆಯುತ್ತದೆ.

ಮಾತು ತಪ್ಪಿದ ಒಂದು ಪಂದ್ಯ

ಜಪಾನಿನಲ್ಲಿ ಪ್ರೊ ರೆಸ್ಲಿಂಗನ್ನು ಜನಪ್ರಿಯ ಮಾಡಿದವನು ರಿಕಿಡೋಜಾನ್. ಹುಟ್ಟಿದ್ದು ಕೊರಿಯಾದಲ್ಲಿ, ಮೊದಲು ಸುಮೋ ಪೈಲ್ವಾನ. 1954ರ ಫೆಬ್ರವರಿಯಲ್ಲಿ ಅವನೂ ಜೂಡೋ ದಿಗ್ಗಜ ಮಸಾಹಿಕೋ ಕಿಮುರಾನೂ ಜೋಡಿಯಾಗಿ ಅಮೆರಿಕದಿಂದ ಬಂದ ಶಾರ್ಪ್ ಸಹೋದರರ ಮೇಲೆ ಕಣಕ್ಕಿಳಿದರು. ಜಪಾನಿಗೆ ಟಿವಿ ಆಗಷ್ಟೇ ಬಂದಿತ್ತು. ಬೀದಿಯಲ್ಲಿ ಇಟ್ಟ ಟಿವಿಗಳ ಮುಂದೆ ಜನ ಮುಗಿಬಿದ್ದು ನೋಡಿದರು. ಯುದ್ಧದಲ್ಲಿ ಸೋತು ಒಂಬತ್ತು ವರ್ಷವೂ ತುಂಬದ ದೇಶಕ್ಕೆ, ತಮ್ಮವನೊಬ್ಬ ವಿದೇಶಿ ದೈತ್ಯರನ್ನು ಹೊಡೆದು ಬೀಳಿಸುವುದನ್ನು ನೋಡುವುದು ಬರೀ ಆಟವಾಗಿರಲಿಲ್ಲ.

ಈ ಕಿಮುರಾ ಸಾಮಾನ್ಯ ಆಸಾಮಿ ಅಲ್ಲ. 1951ರಲ್ಲಿ ಬ್ರೆಜಿಲಿನ ಮರಕಾನಾ ಕ್ರೀಡಾಂಗಣದಲ್ಲಿ ಜಿಯು-ಜಿಟ್ಸು ಗುರು ಎಲಿಯೊ ಗ್ರೇಸಿಯನ್ನು ಒಂದು ತೋಳಿನ ಪಟ್ಟು ಹಾಕಿ ಸೋಲಿಸಿದ್ದ. ಕೈ ಮುರಿದರೂ ಎಲಿಯೊ ಸೋಲೊಪ್ಪಲಿಲ್ಲ; ಅವನ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಬ್ರೆಜಿಲಿನವರು ಸೋತರೂ ದೊಡ್ಡ ಮನಸ್ಸು ಮಾಡಿದರು: ಆ ಪಟ್ಟಿಗೆ "ಕಿಮುರಾ" ಎಂದೇ ಹೆಸರಿಟ್ಟರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತೆ.

1954ರ ಡಿಸೆಂಬರ್ 22ರಂದು ಜೊತೆಗಾರರಿಬ್ಬರೂ ಎದುರಾಳಿಗಳಾದರು. ಪಂದ್ಯ ಡ್ರಾ ಆಗಬೇಕೆಂದು ಮೊದಲೇ ಒಪ್ಪಂದವಾಗಿತ್ತು ಎಂದು ಕಿಮುರಾ ಆಮೇಲೆ ಹೇಳಿದ. ಆದರೆ ನಡುವೆಯೇ ರಿಕಿಡೋಜಾನ್ ಮಾತು ಮುರಿದು ನಿಜವಾಗಿ ಬಾರಿಸತೊಡಗಿದ. ತಯಾರಿಲ್ಲದ ಕಿಮುರಾ ಕೆಳಗೆ ಬಿದ್ದವನು ಏಳಲಿಲ್ಲ. ವರ್ಕ್ ಎಂದು ಶುರುವಾದದ್ದು ಶೂಟ್ ಆಗಿ ಮುಗಿಯಿತು. ದೇಶಕ್ಕೆ ಒಬ್ಬ ಹೀರೋ ಸಿಕ್ಕಿದ, ಜೂಡೋದ ಬಹುದೊಡ್ಡ ಹೆಸರೊಂದು ಎಲ್ಲರೆದುರು ಮಣ್ಣುಪಾಲಾಯಿತು. ಜಪಾನಿನ ಪ್ರೊ ರೆಸ್ಲಿಂಗಿನ ಅಡಿಪಾಯದಲ್ಲೇ "ಇದು ನಿಜವೋ ಸುಳ್ಳೋ" ಎಂಬ ಪ್ರಶ್ನೆ ಹೂತುಕೊಂಡಿದೆ.

ಆ ಪಟ್ಟಿನ ಲೆಕ್ಕಾಚಾರ

ನಾವು ಇಂಜಿನಿಯರಿಂಗ್ ಓದುವವರು, ಒಂದು ನಿಮಿಷ ನಿಂತು ಕಿಮುರಾ ಪಟ್ಟಿನ ಮೆಕ್ಯಾನಿಕ್ಸ್ ನೋಡಿಬಿಡೋಣ. ಎದುರಾಳಿಯ ಮೊಣಕೈ ಸುಮಾರು 90 ಡಿಗ್ರಿ ಬಾಗಿದೆ. ನಿಮ್ಮ ಒಂದು ಕೈ ಅವನ ಮಣಿಕಟ್ಟನ್ನು ಹಿಡಿದಿದೆ. ಇನ್ನೊಂದು ಕೈ ಅವನ ತೋಳನ್ನು ಬಳಸಿ ಬಂದು ನಿಮ್ಮದೇ ಮಣಿಕಟ್ಟನ್ನು ಹಿಡಿದಿದೆ. ಈಗ ಅವನ ಕೈಯನ್ನು ಬೆನ್ನಿನ ಹಿಂದಕ್ಕೆ, ಮೇಲಕ್ಕೆ ತಿರುಗಿಸಬೇಕು.

ಇಲ್ಲಿ ಅವನ ಮುಂಗೈಯೇ ಸ್ಪ್ಯಾನರ್, ಭುಜದ ಕೀಲೇ ನಟ್. ಉದಾಹರಣೆಗೆ ಮುಂಗೈ ಉದ್ದ 25 ಸೆಂಟಿಮೀಟರ್ ಅಂದುಕೊಳ್ಳಿ. ಮಣಿಕಟ್ಟಿನ ಹತ್ತಿರ ಲಂಬವಾಗಿ 200 ನ್ಯೂಟನ್ ಬಲ ಹಾಕಿದರೆ, ಅಂದರೆ ಸುಮಾರು 20 ಕೆಜಿ ತೂಕದಷ್ಟು, ತೋಳು ತಿರುಚುವ ಟಾರ್ಕ್ 50 ನ್ಯೂಟನ್ ಮೀಟರ್. ಹಾಕುವವನು ಎರಡು ಕೈ, ಎದೆ, ಬೆನ್ನು, ಇಡೀ ಮೈಭಾರ ಬಳಸುತ್ತಾನೆ. ತಡೆಯುವವನಿಗೆ ಇರುವುದು ಭುಜದ ಸುತ್ತಲಿನ ಕೆಲವು ಸಣ್ಣ ಸ್ನಾಯುಗಳು ಮಾತ್ರ. ಅದಕ್ಕೇ ಬಲಶಾಲಿಯೂ ಇದರಿಂದ ಬಿಡಿಸಿಕೊಳ್ಳುವುದು ಕಷ್ಟ. (ದಯವಿಟ್ಟು ರೂಮ್‌ಮೇಟ್ ಮೇಲೆ ಟ್ರೈ ಮಾಡಬೇಡಿ. ನೋವು ಗೊತ್ತಾಗುವಷ್ಟರಲ್ಲಿ ಕೀಲು ಹೋಗಿರುತ್ತೆ.)

ಇದು ಕಿಮುರಾ ಕಂಡುಹಿಡಿದದ್ದೇನಲ್ಲ. ಜೂಡೋದಲ್ಲಿ ಇದು ಉದೆ-ಗರಾಮಿ ಗುಂಪಿನ ಪಟ್ಟು. ಇಂಗ್ಲೆಂಡಿನ ಕ್ಯಾಚ್ ಕುಸ್ತಿಯಲ್ಲಿ ಇದನ್ನೇ "ಡಬಲ್ ರಿಸ್ಟ್ ಲಾಕ್" ಅನ್ನುತ್ತಿದ್ದರು. ಒಂದೇ ಪಟ್ಟು, ಮೂರು ದೇಶ, ಮೂರು ಹೆಸರು.

ಕುಸ್ತಿಯ ದೇವರು ಮತ್ತು ನಮ್ಮ ಬಸ್ಕಿ

ಆ ಕ್ಯಾಚ್ ಕುಸ್ತಿಯನ್ನು ಜಪಾನಿಗೆ ಹೊತ್ತು ತಂದವನು ಕಾರ್ಲ್ ಗಾಚ್. ಹುಟ್ಟಿದ್ದು ಬೆಲ್ಜಿಯಂನಲ್ಲಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಕುಸ್ತಿ ಆಡಿದವನು. ಆಮೇಲೆ ಇಂಗ್ಲೆಂಡಿನ ವಿಗನ್ ಎಂಬ ಕಲ್ಲಿದ್ದಲು ಗಣಿಯ ಊರಿಗೆ ಹೋಗಿ ಬಿಲ್ಲಿ ರೈಲಿಯ ಗರಡಿ ಸೇರಿದ. ಆ ಗರಡಿಗೆ "ಸ್ನೇಕ್ ಪಿಟ್" ಅಂತಲೇ ಹೆಸರು. ಅಲ್ಲಿ ಎದುರಾಳಿಯನ್ನು ಚಿತ್ ಮಾಡುವುದಷ್ಟೇ ಅಲ್ಲ, ಕೈಕಾಲು ತಿರುಚಿ ಸೋಲೊಪ್ಪಿಸುವುದನ್ನೂ ಕಲಿಸುತ್ತಿದ್ದರು.

ಜಪಾನಿನವರು ಗಾಚ್‌ಗೆ "ಕುಸ್ತಿಯ ದೇವರು" ಎಂದೇ ಬಿರುದು ಕೊಟ್ಟರು. ಅವನ ತಾಲೀಮಿನಲ್ಲಿ ನಮಗೆ ತೀರಾ ಪರಿಚಿತವಾದ ಒಂದು ಸಂಗತಿ ಇದೆ. ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನರು ಹೊಡೆಯುವ ದಂಡ, ಬಸ್ಕಿ, ಗದೆ ತಿರುಗಿಸುವುದು, ಇವೇ ಅವನ ಕಸರತ್ತಿನ ತಳಹದಿ. ಜಗತ್ತಿನ ಜಿಮ್‌ಗಳಲ್ಲಿ ಇವತ್ತು "ಹಿಂದೂ ಪುಷಪ್", "ಹಿಂದೂ ಸ್ಕ್ವಾಟ್" ಅನ್ನುವುದು ಇದನ್ನೇ. ಟೋಕಿಯೋದ ಕುಸ್ತಿ ಡೋಜೋಗೆ ಸೇರಿದ ಹೊಸ ಹುಡುಗ ಮೊದಲು ಮಾಡಬೇಕಾದದ್ದು ನೂರಾರು ಬಸ್ಕಿ. ಟಿವಿಯಲ್ಲಿ ಕಾಣುವ ಪಂದ್ಯದ ಫಲಿತಾಂಶ ಮೊದಲೇ ತೀರ್ಮಾನವಾಗಿರಬಹುದು. ಡೋಜೋದ ಒಳಗಿನ ಬೆವರು, ಅಲ್ಲಿ ಕಲಿಸುತ್ತಿದ್ದ ಪಟ್ಟುಗಳು ಮಾತ್ರ ಅಪ್ಪಟ.

ಇನೋಕಿಯ ದೊಡ್ಡ ಮಾತು

ರಿಕಿಡೋಜಾನನ ಶಿಷ್ಯ ಆಂಟೋನಿಯೋ ಇನೋಕಿ 1972ರಲ್ಲಿ ನ್ಯೂ ಜಪಾನ್ ಪ್ರೊ ರೆಸ್ಲಿಂಗ್ ಸಂಸ್ಥೆ ಕಟ್ಟಿದ. ಗಾಚ್‌ನಿಂದ ಪಾಠ ಕಲಿತವನು. ಇನೋಕಿ ಒಂದು ದೊಡ್ಡ ಮಾತು ಆಡಿಬಿಟ್ಟ: ಎಲ್ಲ ಕಾಳಗ ಕಲೆಗಳಲ್ಲೂ ಪ್ರೊ ರೆಸ್ಲಿಂಗೇ ಬಲಿಷ್ಠ. ಅದನ್ನು ತೋರಿಸಲು ಬೇರೆ ಬೇರೆ ಆಟದ ಚಾಂಪಿಯನ್ನರನ್ನು ರಿಂಗಿಗೆ ಕರೆದ. 1976ರ ಫೆಬ್ರವರಿಯಲ್ಲಿ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ ಜೂಡೋಪಟು ವಿಲ್ಲೆಮ್ ರುಸ್ಕಾ ಬಂದ. ಅದೇ ಜೂನ್ 26ರಂದು ಬುಡೋಕಾನ್ ಸಭಾಂಗಣಕ್ಕೆ ಬಂದವನು ಯಾರು ಗೊತ್ತಾ? ಸಾಕ್ಷಾತ್ ಮುಹಮ್ಮದ್ ಅಲಿ.

ಆ ಪಂದ್ಯ ನೋಡಿದವರು ಬೈದದ್ದೇ ಬೈದದ್ದು. ಕೊನೆ ಗಳಿಗೆಯಲ್ಲಿ ನಿಯಮ ಬಿಗಿಯಾಗಿ, ಇನೋಕಿಗೆ ಎತ್ತಿ ಒಗೆಯಲೂ ಆಗದೆ, ಪಟ್ಟು ಹಾಕಲೂ ಆಗದೆ ಹೋಯಿತು. ಅವನು 15 ಸುತ್ತುಗಳ ಬಹುಪಾಲು ನೆಲದ ಮೇಲೆ ಮಲಗಿ ಅಲಿಯ ಕಾಲಿಗೆ ಒದೆಯುತ್ತಲೇ ಇದ್ದ. ಅಲಿ ಹೊಡೆಯಲು ಸಿಕ್ಕಿದ ಪಂಚ್‌ಗಳು ಬೆರಳೆಣಿಕೆಯಷ್ಟು. ಕೊನೆಗೆ ಡ್ರಾ. ಜನ ಬೇಸತ್ತರು, ಅಲಿಯ ಕಾಲು ಊದಿ, ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ಆದರೆ ಇವತ್ತು ಎಂಎಂಎ ನೋಡುವವರಿಗೆ ಅದು ಅಷ್ಟು ವಿಚಿತ್ರ ಅನಿಸಲ್ಲ. ಬಾಕ್ಸರ್ ಎದುರಿಗಿದ್ದಾಗ ಅವನ ಕೈಗೆ ಸಿಗದೆ ಕಾಲನ್ನು ಕೆಡಿಸುವುದು ಈಗ ಪಠ್ಯದಷ್ಟು ಸಾಮಾನ್ಯ ತಂತ್ರ.

ಅದೇ ವರ್ಷ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಇನೋಕಿ ಅಕ್ರಮ್ ಪೈಲ್ವಾನನನ್ನು ಎದುರಿಸಿದ. ಅಕ್ರಮ್ ಅಂದರೆ ಜಗತ್ಪ್ರಸಿದ್ಧ ಗಾಮಾ ಪೈಲ್ವಾನನ ಮನೆತನದವನು. ಆ ಪಂದ್ಯದಲ್ಲಿ ನಾಟಕ ಉಳಿಯಲಿಲ್ಲ. ಇನೋಕಿ ಹಾಕಿದ್ದು ಡಬಲ್ ರಿಸ್ಟ್ ಲಾಕ್, ಅಂದರೆ ನಮ್ಮ ಅದೇ ಕಿಮುರಾ. ಅಕ್ರಮ್ ಸೋಲೊಪ್ಪಲಿಲ್ಲ, ಅವನ ತೋಳು ಹೋಯಿತು. ಇಡೀ ಕ್ರೀಡಾಂಗಣ ಸ್ತಬ್ಧ.

ಗುರುವಿನ ಮಾತನ್ನು ನಿಜವೆಂದುಕೊಂಡ ಶಿಷ್ಯರು

ಇನೋಕಿಗೆ ಆ ಮಾತು ಅರ್ಧ ನಂಬಿಕೆ, ಅರ್ಧ ವ್ಯಾಪಾರ. ಆದರೆ ಡೋಜೋದ ಹುಡುಗರು ಅದನ್ನು ಪೂರ್ತಿ ನಂಬಿಬಿಟ್ಟರು. "ನಾವು ಕಲಿತ ಪಟ್ಟು ನಿಜ, ಹಾಗಾದ್ರೆ ಪಂದ್ಯ ಯಾಕೆ ನಿಜ ಅಲ್ಲ?" ಎನ್ನುವುದೇ ಅವರ ತಲೆ ಕೊರೆದ ಪ್ರಶ್ನೆ.

1984ರಲ್ಲಿ ಯುಡಬ್ಲ್ಯೂಎಫ್ ಹುಟ್ಟಿತು. ಅಕಿರಾ ಮಾಯೆದಾ, ಯೋಶಿಯಾಕಿ ಫುಜಿವಾರಾ, ನೊಬುಹಿಕೋ ತಕಾದಾ ಮುಂತಾದವರು ಅದರ ಮುಖಗಳು. ಟೈಗರ್ ಮಾಸ್ಕ್ ಮುಖವಾಡ ಹಾಕಿ ಹಾರಾಡಿ ಮಕ್ಕಳ ಮನ ಗೆದ್ದಿದ್ದ ಸತೋರು ಸಯಾಮಾ ಕೂಡ ಅಲ್ಲಿಗೆ ಬಂದ. ಅಲ್ಲಿ ಹಗ್ಗಕ್ಕೆ ಎಸೆದು ವಾಪಸ್ ಓಡಿಬರುವ ಆಟ ಇಲ್ಲ, ಕುರ್ಚಿಯಲ್ಲಿ ಹೊಡೆಯುವುದಿಲ್ಲ. ಜೋರಾದ ಒದೆ, ನೆಲದ ಮೇಲೆ ಪಟ್ಟು, ನಾಕೌಟ್ ಅಥವಾ ಸೋಲೊಪ್ಪಿಗೆ. ನೋಡಲು ಪಕ್ಕಾ ನಿಜ. ಆದರೆ ಫಲಿತಾಂಶ ಇನ್ನೂ ಮೊದಲೇ ನಿಗದಿಯಾಗಿರುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸಿಮ್ಯುಲೇಷನ್: ನಿಜವಾದ ಕಾಳಗ ಹೇಗಿರಬಹುದು ಅನ್ನುವುದರ ಮಾದರಿ. 1988ರಲ್ಲಿ ಮತ್ತೆ ಶುರುವಾದ ಯುಡಬ್ಲ್ಯೂಎಫ್ ಮರುವರ್ಷ ಟೋಕಿಯೋ ಡೋಮ್ ತುಂಬಿಸಿತು. ಜನಕ್ಕೆ ನಿಜದ ಹಸಿವು ಅಷ್ಟಿತ್ತು.

ಸಯಾಮಾಗೆ ಸಿಮ್ಯುಲೇಷನ್ ಸಾಲದಾಯಿತು. ಅವನು ಹೊರಬಂದು, ಒದೆ, ಎಸೆತ, ಪಟ್ಟು ಎಲ್ಲವನ್ನೂ ಸೇರಿಸಿ ಹೊಸ ಕ್ರೀಡೆಯನ್ನೇ ರೂಪಿಸಿದ. ಅದಕ್ಕೆ ಇಟ್ಟ ಹೆಸರು "ಶೂಟೋ". ಶೂಟ್ ಎಂಬ ಪದವೇ ಹೆಸರಾಯಿತು ನೋಡಿ. 1989ರ ಹೊತ್ತಿಗೆ ಅದರ ವೃತ್ತಿಪರ ಪಂದ್ಯಗಳು ಶುರುವಾದವು. ಯುಎಫ್‌ಸಿ ಹುಟ್ಟಲು ಇನ್ನೂ ನಾಲ್ಕು ವರ್ಷ ಇತ್ತು.

ಒಡೆದುಹೋದ ಯುಡಬ್ಲ್ಯೂಎಫ್‌ನ ಜಾಗದಲ್ಲಿ 1991ರಲ್ಲಿ ಮೂರು ಸಂಸ್ಥೆಗಳು ಎದ್ದವು. ಮಾಯೆದಾನ ರಿಂಗ್ಸ್, ತಕಾದಾನ ಯುಡಬ್ಲ್ಯೂಎಫ್‌ಐ, ಫುಜಿವಾರಾನ ಫುಜಿವಾರಾ ಗುಮಿ. ಫುಜಿವಾರಾನ ಬಳಿ ಇದ್ದ ಇಬ್ಬರು ಯುವಕರು, ಮಸಾಕಟ್ಸು ಫುನಾಕಿ ಮತ್ತು ಮಿನೋರು ಸುಜುಕಿ, ಇನ್ನೂ ಒಂದು ಹೆಜ್ಜೆ ಮುಂದೆ ಇಟ್ಟರು.

1993: ಎರಡು ತಿಂಗಳೊಳಗೆ ಎರಡು ಹುಟ್ಟು

1993ರ ಸೆಪ್ಟೆಂಬರ್ 21ರಂದು ಫುನಾಕಿ ಮತ್ತು ಸುಜುಕಿ "ಪ್ಯಾಂಕ್ರೇಸ್" ಶುರು ಮಾಡಿದರು. ಪ್ರಾಚೀನ ಗ್ರೀಕರ ಪ್ಯಾಂಕ್ರೇಷನ್ ಎಂಬ ಕಾಳಗದಿಂದ ಈ ಹೆಸರು ಸೂಚಿಸಿದವನು ಅದೇ ಮುದುಕ ಗಾಚ್. ತಲೆಗೆ ಮುಷ್ಟಿಯಲ್ಲಿ ಹೊಡೆಯುವಂತಿಲ್ಲ, ಅಂಗೈಯಲ್ಲಿ ಹೊಡೆಯಬಹುದು. ಪಟ್ಟಿನಲ್ಲಿ ಸಿಕ್ಕರೆ ಹಗ್ಗ ಹಿಡಿದು ಬಿಡಿಸಿಕೊಳ್ಳಬಹುದು. ಈ ನಿಯಮಗಳೆಲ್ಲಾ ಪ್ರೊ ರೆಸ್ಲಿಂಗಿನ ಪಳೆಯುಳಿಕೆಗಳೇ. ಆದರೆ ಫಲಿತಾಂಶ ಮಾತ್ರ ಬರೆದಿಟ್ಟದ್ದಲ್ಲ.

ಮೊದಲ ರಾತ್ರಿಯ ಐದು ಪಂದ್ಯಗಳು ಒಟ್ಟು ಸೇರಿ ಸುಮಾರು 13 ನಿಮಿಷಕ್ಕೇ ಮುಗಿದವು! ವರ್ಕ್ ಆದರೆ ಜನರ ದುಡ್ಡಿಗೆ ತಕ್ಕಂತೆ ಎಳೆಯಬಹುದು. ನಿಜ ಹಾಗೆ ಕಾಯುವುದಿಲ್ಲ. ಮುಖ್ಯ ಪಂದ್ಯದಲ್ಲಿ ಸಂಸ್ಥೆ ಕಟ್ಟಿದ ಫುನಾಕಿಯೇ ಅಮೆರಿಕದ ಕೆನ್ ಶ್ಯಾಮ್ರಾಕ್‌ಗೆ ಸೋತ. ಮಾಲೀಕನೇ ಮೊದಲ ದಿನವೇ ಸೋಲುವುದು! ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಾ?

ಅದೇ ಶ್ಯಾಮ್ರಾಕ್ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊಟ್ಟಮೊದಲ ಯುಎಫ್‌ಸಿಯಲ್ಲಿ ಇಳಿದ. ಜಪಾನಿನಲ್ಲಿ ಕಲಿತ ಹೀಲ್ ಹುಕ್ ಎಂಬ ಕಾಲಿನ ಪಟ್ಟಿನಿಂದ ಮೊದಲ ಪಂದ್ಯ ಗೆದ್ದ. ಮುಂದಿನದರಲ್ಲಿ ಒಂದು ನಿಮಿಷದೊಳಗೆ ಸೋತ. ಸೋಲಿಸಿದವನು ರಾಯ್ಸ್ ಗ್ರೇಸಿ, ಹಿಂದೆ ಕಿಮುರಾ ಎದುರು ಕೈ ಮುರಿಸಿಕೊಂಡಿದ್ದ ಎಲಿಯೊನ ಮಗ.

ಗ್ರೇಸಿ ಎಂಬ ಪರೀಕ್ಷೆ

ಈಗ ಇನೋಕಿಯ ಹಳೇ ಮಾತಿಗೆ ನಿಜವಾದ ಪರೀಕ್ಷೆ ಬಂತು. ಗ್ರೇಸಿಗಳು ಬಲಿಷ್ಠರೋ, ಪ್ರೊ ರೆಸ್ಲರುಗಳೋ? 1994ರ ಡಿಸೆಂಬರಿನಲ್ಲಿ ಯುಡಬ್ಲ್ಯೂಎಫ್‌ಐನ ಯೋಜಿ ಅಂಜೋ ಎಂಬಾತ ಸೀದಾ ಲಾಸ್ ಏಂಜಲಿಸ್‌ಗೆ ಹೋಗಿ ಎಲಿಯೊನ ಇನ್ನೊಬ್ಬ ಮಗ ರಿಕ್ಸನ್‌ನ ಡೋಜೋದ ಬಾಗಿಲು ತಟ್ಟಿದ. ಮುಖ ರಕ್ತಮಯ ಮಾಡಿಸಿಕೊಂಡು ಹೊರಬಂದ.

ಮರ್ಯಾದೆ ಉಳಿಸಲು 1997ರ ಅಕ್ಟೋಬರ್ 11ರಂದು ಟೋಕಿಯೋ ಡೋಮಿನಲ್ಲಿ ತಕಾದಾನೇ ರಿಕ್ಸನ್ ಎದುರು ನಿಂತ. ಈ ಒಂದು ಪಂದ್ಯಕ್ಕಾಗಿಯೇ ಹುಟ್ಟಿಕೊಂಡ ಕಾರ್ಯಕ್ರಮ "ಪ್ರೈಡ್", ಮುಂದೆ ಜಗತ್ತಿನ ಅತಿ ದೊಡ್ಡ ಎಂಎಂಎ ವೇದಿಕೆಗಳಲ್ಲಿ ಒಂದಾಯಿತು. ಐದು ನಿಮಿಷ ತುಂಬುವ ಮೊದಲೇ ತಕಾದಾ ಆರ್ಮ್‌ಬಾರ್‌ಗೆ ಸಿಕ್ಕಿ ಸೋಲೊಪ್ಪಿದ. ಸರಿಯಾಗಿ ಒಂದು ವರ್ಷದ ನಂತರ ಮತ್ತೆ ಸೆಣಸಿ ಮತ್ತೆ ಸೋತ. ವರ್ಷಗಟ್ಟಲೆ "ನಾವೇ ಬಲಿಷ್ಠರು" ಎಂದು ನಂಬಿ ಟಿಕೆಟ್ ಕೊಂಡ ಅಭಿಮಾನಿಗಳಿಗೆ ಅದು ಬರೀ ಒಬ್ಬನ ಸೋಲಾಗಿರಲಿಲ್ಲ. ನಂಬಿದ್ದೆಲ್ಲಾ ಸುಳ್ಳಾ ಎಂಬ ಪ್ರಶ್ನೆ.

ಉತ್ತರ ಕೊಟ್ಟವನು ತಕಾದಾನ ಶಿಷ್ಯ ಕಜುಶಿ ಸಕುರಾಬಾ. ಯುಡಬ್ಲ್ಯೂಎಫ್‌ಐನಲ್ಲಿ ಅವನಿಗೆ ಪಾಠ ಹೇಳಿದವರಲ್ಲಿ ಒಬ್ಬ ಬಿಲ್ಲಿ ರಾಬಿನ್ಸನ್, ವಿಗನ್‌ನ ಅದೇ ಸ್ನೇಕ್ ಪಿಟ್‌ನಲ್ಲಿ ಬೆಳೆದವನು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ನಡೆದ ಯುಎಫ್‌ಸಿ ಟೂರ್ನಿ ಗೆದ್ದು, ಪ್ರೊ ರೆಸ್ಲರುಗಳು ನಿಜಕ್ಕೂ ಬಲಿಷ್ಠರೇ ಎಂದು ರಿಂಗಿನಲ್ಲೇ ಘೋಷಿಸಿದ. 1999ರ ನವೆಂಬರಿನಲ್ಲಿ ಎಲಿಯೊನ ಮಗ ರಾಯ್ಲರ್ ಗ್ರೇಸಿಯನ್ನು ಸೋಲಿಸಿದ. ಯಾವ ಪಟ್ಟಿನಿಂದ? ಕಿಮುರಾ! ಸಕುರಾಬಾ ತೂಕದಲ್ಲಿ ಹೆಚ್ಚಿದ್ದ, ರಾಯ್ಲರ್ ಸೋಲೊಪ್ಪದಿದ್ದರೂ ರೆಫರಿ ನಿಲ್ಲಿಸಿದ ಎಂಬ ತಕರಾರು ಇತ್ತು, ಅದೂ ನಿಜ. ಆದರೆ 48 ವರ್ಷದ ಹಿಂದೆ ಅಪ್ಪ ಸೋತ ಪಟ್ಟಿನಲ್ಲೇ ಮಗನೂ ಸಿಕ್ಕಿಕೊಂಡಿದ್ದ.

2000ದ ಮೇ 1ರಂದು ಸಕುರಾಬಾ ಎದುರು ರಾಯ್ಸ್ ಗ್ರೇಸಿ. ಸುತ್ತಿಗೆ 15 ನಿಮಿಷ, ಸುತ್ತುಗಳಿಗೆ ಮಿತಿಯೇ ಇಲ್ಲ. ಈ ನಿಯಮ ಕೇಳಿದ್ದು ಗ್ರೇಸಿಗಳೇ. ಆರು ಸುತ್ತು, ಒಟ್ಟು 90 ನಿಮಿಷ ಕಳೆದ ಮೇಲೆ ರಾಯ್ಸ್ ಕಡೆಯವರು ಟವೆಲ್ ಎಸೆದರು. ಒಂದೂವರೆ ಗಂಟೆ ಸೆಣಸಿದ ಸಕುರಾಬಾ ಅದೇ ರಾತ್ರಿ ತನಗಿಂತ ಭಾರದ ಇಗೋರ್ ವೊವ್‌ಚಾಂಚಿನ್ ಎದುರು ಮತ್ತೆ ಇಳಿದ! ಇನ್ನೊಂದು 15 ನಿಮಿಷ ಆಡಿ ನಿಲ್ಲಿಸಿದ. ಅದೇ ಆಗಸ್ಟಿನಲ್ಲಿ ರೆನ್ಜೊ ಗ್ರೇಸಿಯ ಮೇಲೂ ಕಿಮುರಾ ಹಾಕಿದ. ಮೊಣಕೈ ಕಳಚಿದರೂ ರೆನ್ಜೊ ಸೋಲೊಪ್ಪಲಿಲ್ಲ, ಆದರೆ ಆಮೇಲೆ ನೆಪ ಹೇಳದೆ ಸಕುರಾಬಾನನ್ನು ಹೊಗಳಿದ.

ಬಿಲ್ ಕಟ್ಟಿದವರು ಯಾರು?

ಕತೆ ಇಲ್ಲಿಗೆ ಮುಗಿದರೆ ಸಿನಿಮಾ ಥರ ಇರ್ತಿತ್ತು. ಆದರೆ ಸಕುರಾಬಾನ ಗೆಲುವು ನೋಡಿ, ಕುಸ್ತಿಯವರೆಲ್ಲಾ ಹೀಗೇ ಗೆಲ್ಲಬಹುದು ಎಂಬ ಭ್ರಮೆ ಬೆಳೆಯಿತು. ನಾಟಕದ ಕುಸ್ತಿಗೆ ತಯಾರಾದ ಎಷ್ಟೋ ಮಂದಿಯನ್ನು ತಕ್ಕ ತಾಲೀಮಿಲ್ಲದೆ ನಿಜವಾದ ಕಾಳಗಕ್ಕೆ ತಳ್ಳಿದರು. ನ್ಯೂ ಜಪಾನಿನ ಸ್ಟಾರ್ ಯುಜಿ ನಗಾತಾ 2001ರ ಡಿಸೆಂಬರ್ 31ರಂದು ಮಿರ್ಕೊ ಕ್ರೋಕಾಪ್ ಎಂಬ ಕಿಕ್‌ಬಾಕ್ಸರ್‌ನ ಒಂದು ಒದೆಗೆ 21 ಸೆಕೆಂಡಿನಲ್ಲಿ ಸೋತ. ಎರಡು ವರ್ಷದ ನಂತರ ಫೆಡರ್ ಎಮೆಲಿಯಾನೆಂಕೊ ಎದುರೂ ಅದೇ ಗತಿ. ನ್ಯೂ ಜಪಾನಿನ ಹೆಸರಿಗೂ ಪೆಟ್ಟು ಬಿತ್ತು. ಸಕುರಾಬಾ ಕೂಡ ತನಗಿಂತ ದೊಡ್ಡವರ ಎದುರು ಮತ್ತೆ ಮತ್ತೆ ಇಳಿದು ಮೈಯೆಲ್ಲಾ ಜರ್ಜರಿತ ಮಾಡಿಕೊಂಡ. ಕೊನೆಗೆ ಪ್ರೈಡ್ ಕೂಡ ಉಳಿಯಲಿಲ್ಲ. ಭೂಗತ ಜಗತ್ತಿನ ನಂಟಿನ ವರದಿಗಳು ಬಂದ ಮೇಲೆ 2006ರಲ್ಲಿ ಫುಜಿ ಟಿವಿ ಕೈಬಿಟ್ಟಿತು. 2007ರಲ್ಲಿ ಯುಎಫ್‌ಸಿಯ ಮಾಲೀಕರು ಅದನ್ನು ಕೊಂಡು ಮುಚ್ಚಿದರು.

ಹಾಗಾದರೆ ಇನೋಕಿಯ ಮಾತು ನಿಜವೋ ಸುಳ್ಳೋ? ನನಗನಿಸುವುದು ಇಷ್ಟು: "ಪ್ರೊ ರೆಸ್ಲಿಂಗೇ ಬಲಿಷ್ಠ" ಅನ್ನುವ ಮಾತು ಪರೀಕ್ಷೆಯಲ್ಲಿ ಫೇಲ್. ಆದರೆ ಆ ಮಾತನ್ನು ಪರೀಕ್ಷೆಗೆ ಒಡ್ಡಲು ಶಿಷ್ಯರು ಕಟ್ಟಿದ ಲ್ಯಾಬ್ ಇದೆಯಲ್ಲ, ಅದೇ ಒಂದು ಹೊಸ ಕ್ರೀಡೆಯಾಯಿತು. ಶೂಟೋ, ಪ್ಯಾಂಕ್ರೇಸ್, ರಿಂಗ್ಸ್, ಪ್ರೈಡ್ ಎಲ್ಲವೂ "ನಾವು ಹೇಳಿಕೊಳ್ಳುತ್ತಿರೋದು ನಿಜವಾ?" ಎಂದು ತಮ್ಮನ್ನೇ ಕೇಳಿಕೊಂಡವರ ಕೆಲಸ. ಫಲಿತಾಂಶ ತಮ್ಮ ವಿರುದ್ಧ ಬಂದಾಗಲೂ ಫುನಾಕಿಯಂಥವರು ರಿಂಗ್ ಬಿಟ್ಟು ಓಡಲಿಲ್ಲ. ಸಿಮ್ಯುಲೇಷನ್ ಚೆನ್ನಾಗಿ ಬಂತೆಂದು ಪ್ರೊಟೋಟೈಪ್ ಟೆಸ್ಟ್ ಮಾಡದೆ ರಿಪೋರ್ಟ್ ಬರೆದುಬಿಡುವ ನಮಗೆ ಇದರಲ್ಲಿ ಕಲಿಯೋಕೆ ಏನೋ ಇದೆ, ಅಲ್ವಾ?

ಇನ್ನು ಮುಂದೆ ಟಿವಿ ರೂಮಿನಲ್ಲಿ ಯಾರಾದರೂ "ಅದೆಲ್ಲಾ ಫೇಕ್" ಅಂದರೆ ಜಗಳ ಆಡಬೇಡಿ. ಹೌದು, ಫಲಿತಾಂಶ ಫೇಕ್ ಅಂತ ಒಪ್ಪಿಕೊಳ್ಳಿ. ಆಮೇಲೆ ಕಿಮುರಾನ ಕತೆ ಹೇಳಿ.